ಆರಾಧನೆಯ ಹಾಡಿಗೆ ಆರ್ಗನ್: ಕಲಿಯುವವರಿಗೆ ಕೆಲವು ಮಾತು



ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂಗೆ ಹೋಗುವ ರೈಲು ದಾರಿಯನ್ನು ನಿಮ್ಮಲ್ಲಿ ಕೆಲವರಾದರೂ ಬಲ್ಲಿರಿ. ಚಿನ್ನದ ಗಣಿಗಳಿಗಾಗಿ 1894ರಲ್ಲಿ ತೆರೆದ ದಾರಿ ಅದು. ಆಗ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ. ಗಣಿಯ ಕೆಲಸಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಿಂದ ಅನುಭವಿ ಗಣಿಗಾರರು ಬಂದರು. ಆರ್ಕಾಟಿನ ಕಡೆಯಿಂದ ತಮಿಳರು, ಚಿತ್ತೂರಿನ ಕಡೆಯಿಂದ ತೆಲುಗರು, ಸುತ್ತಲ ಹಳ್ಳಿಗಳಿಂದ ಕನ್ನಡಿಗರು ಬಂದರು. ಬಂದವರೆಲ್ಲ ತಮ್ಮ ತಮ್ಮ ದೇವರನ್ನೂ ಹಾಡನ್ನೂ ಜೊತೆಗೆ ತಂದರು. ಹೀಗಾಗಿ ಕೆ.ಜಿ.ಎಫ್.ನಲ್ಲಿ ಇಂದಿಗೂ ಭಾನುವಾರದ ಆರಾಧನೆ ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಹೀಗೆ ಹಲವು ಭಾಷೆಗಳಲ್ಲಿ ಕೇಳಿಬರುತ್ತದೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದೀಚೆಗೆ ಸಾವಿರಾರು ಮಂದಿ ನಸುಕಿನಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಮನೆ ಸೇರುತ್ತಾರೆ. ಕೆಲವರು ಅಲ್ಲಿಯೇ ನೆಲೆಸಿಬಿಟ್ಟಿದ್ದಾರೆ. ಹೋದವರಲ್ಲಿ ಆರ್ಗನ್ ನುಡಿಸುತ್ತಿದ್ದವರೂ ಇದ್ದಾರೆ. ವಾದ್ಯ ಮೂಲೆಯಲ್ಲಿದ್ದು ಅದರ ಮುಂದಿನ ಸ್ಟೂಲು ಖಾಲಿಯಾಗಿರುವ ಪ್ರಾರ್ಥನಾ ಮಂದಿರಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಮೊಬೈಲಿನಿಂದ ಹಾಡು ಹಾಕುತ್ತಾರೆ. ಅದು ತಪ್ಪೇನಲ್ಲ. ಆದರೆ ಧ್ವನಿಮುದ್ರಣ ಯಾರಿಗಾಗಿಯೂ ಕಾಯುವುದಿಲ್ಲ. ಎಪ್ಪತ್ತೈದು ವರ್ಷದ ಅಜ್ಜಿಯೊಬ್ಬರು ಸಾಲಿನ ನಡುವೆ ಉಸಿರು ತೆಗೆದುಕೊಳ್ಳಬೇಕಾದಾಗ ಕಾಯುವ ಶಕ್ತಿ ಇರುವುದು ಸ್ಟೂಲಿನ ಮೇಲೆ ಕುಳಿತ ಮನುಷ್ಯನಿಗೆ ಮಾತ್ರ. ಆ ಸ್ಟೂಲಿನ ಮೇಲೆ ನೀವು ಕುಳಿತುಕೊಳ್ಳಬೇಕು ಎಂಬ ಆಸೆಯಿಂದ ಈ ಮಾತುಗಳನ್ನು ಹೇಳುತ್ತಿದ್ದೇನೆ. ನೀವು ಚರ್ಚಿಗೆ ಹೋಗುವವರಲ್ಲದಿದ್ದರೂ ಓದಿ. ಭಜನೆಗೆ ಹಾರ್ಮೋನಿಯಂ ಹಿಡಿಯುವವರಿಗೂ ಶಾಲೆಯ ಪ್ರಾರ್ಥನೆಗೆ ಕೀಬೋರ್ಡ್ ನುಡಿಸುವವರಿಗೂ ಇದರಲ್ಲಿ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನನಗಾಗ ಹದಿನೇಳು ವರ್ಷ. ಗಣಿಯಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರು ತೀರಿಕೊಂಡಿದ್ದರು. ಶವಸಂಸ್ಕಾರದ ಪ್ರಾರ್ಥನೆಗೆ ಆರ್ಗನ್ ನುಡಿಸಲು ನನ್ನನ್ನು ಕರೆದರು. ಪುಸ್ತಕದಲ್ಲಿದ್ದ ನಾಲ್ಕೂ ಸ್ವರಗಳನ್ನು ಒಂದೂ ತಪ್ಪದೆ ನುಡಿಸಬಲ್ಲೆ ಎಂಬ ಹೆಮ್ಮೆ ನನಗಿತ್ತು. ಎಲ್ಲ ಸ್ಟಾಪ್‌ಗಳನ್ನೂ ಎಳೆದು, ಪುಸ್ತಕದಲ್ಲಿ ಅಚ್ಚಾಗಿದ್ದ ಶ್ರುತಿಯಲ್ಲೇ, ಮನೆಯಲ್ಲಿ ಅಭ್ಯಾಸ ಮಾಡಿದ ವೇಗದಲ್ಲೇ ನುಡಿಸಿದೆ. ಎರಡನೆಯ ಚರಣದ ಹೊತ್ತಿಗೆ ಜನರ ದನಿ ಇಳಿಯಿತು. ಮೂರನೆಯ ಚರಣದಲ್ಲಿ ಆರ್ಗನ್ ಮಾತ್ರ ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆ ಮನೆಯ ಹೆಣ್ಣುಮಕ್ಕಳು ಪುಸ್ತಕ ಮುಚ್ಚಿ ತಲೆ ತಗ್ಗಿಸಿಬಿಟ್ಟರು.

ನನಗೆ ವಾದ್ಯ ಕಲಿಸಿದವರು ಗಣಿಯಲ್ಲಿ ಕೇಜ್ ಇಳಿಸಿ ಏರಿಸುವ ಯಂತ್ರವನ್ನು ನಡೆಸುತ್ತಿದ್ದವರು. ಹೊರಗೆ ಬಂದ ಮೇಲೆ ಅವರು ಬೈಯಲಿಲ್ಲ. “ನೀನು ಚೆನ್ನಾಗಿ ಬಾರಿಸಿದೆ ಮಗು. ಆದರೆ ಅವರು ಹಾಡಲಿಲ್ಲವಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಕೇಜಿನೊಳಗೆ ಇರುವವರು ನನಗೆ ಕಾಣುವುದಿಲ್ಲ. ಆದರೂ ಅವರ ಹೊಟ್ಟೆ ಜುಮ್ಮೆನ್ನದ ಹಾಗೆ ಇಳಿಸಬೇಕು, ಧಡಕ್ಕೆನ್ನದ ಹಾಗೆ ನಿಲ್ಲಿಸಬೇಕು. ನಿನ್ನ ಕೆಲಸವೂ ಅದೇ” ಎಂದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಆಳಕ್ಕೆ ಹೋಗಿಬರುವವರ ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡಿದವರ ಮಾತು ಅದು. ಇವತ್ತು ನಾನು ಹೇಳುವುದೆಲ್ಲ ಆ ಒಂದು ಮಾತಿನ ವಿವರಣೆ ಎಂದರೂ ಸರಿಯೇ.

ಮೊದಲು ವಾದ್ಯವನ್ನು ತಿಳಿಯೋಣ. ಆರ್ಗನ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಕೊಳವೆಗಳ ಆರ್ಗನ್, ಅಂದರೆ ಪೈಪ್ ಆರ್ಗನ್. ಒಂದೊಂದು ಸ್ವರಕ್ಕೂ ಒಂದೊಂದು ಕೊಳಲನ್ನು ನಿಲ್ಲಿಸಿದಂತೆ ಅದರ ರಚನೆ. ಎರಡನೆಯದು ರೀಡ್ ಆರ್ಗನ್. ಇದರಲ್ಲಿ ಗಾಳಿ ಹಿತ್ತಾಳೆಯ ತೆಳುವಾದ ನಾಲಗೆಗಳನ್ನು ಕಂಪಿಸುವಂತೆ ಮಾಡುತ್ತದೆ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದದ್ದು ಇದೇ ಬಗೆಯ, ಕಾಲಿನಿಂದ ತುಳಿಯುವ ವಾದ್ಯಕ್ಕೆ. ಅದನ್ನೇ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್, ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಗಾಳಿ ಹಾಕುವ ಪೆಟ್ಟಿಗೆಯನ್ನಾಗಿ ಮಾಡಿದರು. ನಮ್ಮ ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಂ, ಭಜನೆಯ ಹಾರ್ಮೋನಿಯಂ, ಚರ್ಚಿನ ಸಣ್ಣ ಆರ್ಗನ್ ಎಲ್ಲವೂ ಹತ್ತಿರದ ನೆಂಟರು. ಮೂರನೆಯದು ವಿದ್ಯುತ್ತಿನಿಂದ ನಡೆಯುವ ಆರ್ಗನ್ ಮತ್ತು ಕೀಬೋರ್ಡ್. ಇಂದು ನಿಮ್ಮ ಕೈಗೆ ಸುಲಭವಾಗಿ ಸಿಗುವುದು ಇದು.

ಸ್ಟಾಪ್‌ಗಳ ಮೇಲೆ 16, 8, 4 ಎಂಬ ಅಂಕಿಗಳನ್ನು ನೀವು ನೋಡಿರಬಹುದು. ಅವು ಅಡಿಗಳ ಲೆಕ್ಕ. ಭೌತಶಾಸ್ತ್ರ ಓದುವವರು ಲೆಕ್ಕ ಹಾಕಿ ನೋಡಿ. ಎರಡೂ ತುದಿ ತೆರೆದ 8 ಅಡಿಯ, ಅಂದರೆ ಸುಮಾರು 2.44 ಮೀಟರಿನ ಕೊಳವೆಯಲ್ಲಿ ತರಂಗದ ಉದ್ದ ಕೊಳವೆಯ ಎರಡರಷ್ಟು. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದರೆ ಸುಮಾರು 70 ಕಂಪನ ಬರುತ್ತದೆ. ಗಾಳಿಯ ಕಂಬ ಕೊಳವೆಯ ತುದಿಯಾಚೆಗೂ ಸ್ವಲ್ಪ ಚಾಚುವುದರಿಂದ ನಿಜವಾಗಿ ಬರುವುದು ಸುಮಾರು 65. ಅದು ಕೀಗಳ ಸಾಲಿನ ಎಡತುದಿಯ ‘ಸಿ’ ಸ್ವರ. ಆದ್ದರಿಂದ 8 ಎಂದರೆ ಬರೆದ ಸ್ವರವೇ ಕೇಳುತ್ತದೆ. 4 ಎಂದರೆ ಒಂದು ಸ್ಥಾಯಿ ಮೇಲೆ, 16 ಎಂದರೆ ಒಂದು ಸ್ಥಾಯಿ ಕೆಳಗೆ. ರೀಡ್ ಆರ್ಗನ್‌ನಲ್ಲೂ ಕೀಬೋರ್ಡಿನಲ್ಲೂ ಕೊಳವೆ ಇಲ್ಲದಿದ್ದರೂ ಇದೇ ಅಂಕಿಗಳನ್ನು ಉಳಿಸಿಕೊಂಡಿದ್ದಾರೆ.

ಇನ್ನು ಕಾಲು. ರೀಡ್ ಆರ್ಗನ್‌ನ ಎರಡು ಪೆಡಲುಗಳು ಕಮ್ಮಾರನ ತಿದಿಯ ಹಾಗೆ ಕೆಲಸ ಮಾಡುತ್ತವೆ. ಹೊಸಬರು ಮಾಡುವ ಮೊದಲ ತಪ್ಪೆಂದರೆ ಹಾಡಿನ ತಾಳಕ್ಕೆ ತಕ್ಕಂತೆ ಕಾಲು ತುಳಿಯುವುದು. ಹಾಗೆ ತುಳಿದರೆ ದನಿ ಉಬ್ಬಿ ಉಬ್ಬಿ ಬರುತ್ತದೆ, ಕೇಳುವವರಿಗೆ ತೊಟ್ಟಿಲು ತೂಗಿದಂತಾಗುತ್ತದೆ. ಕಾಲಿಗೂ ತಾಳಕ್ಕೂ ಸಂಬಂಧ ಬೇಡ. ಒಂದು ಕಾಲು ತಳ ಮುಟ್ಟುವ ಮುಂಚೆಯೇ ಇನ್ನೊಂದು ಕಾಲು ಇಳಿಯಲು ಶುರುವಾಗಿರಬೇಕು. ಒಂದು ಕೀಯನ್ನು ಒತ್ತಿ ಹಿಡಿದು, ಒಂದು ನಿಮಿಷ ದನಿ ಏರದೆ ಇಳಿಯದೆ ನಿಲ್ಲುವಂತೆ ತುಳಿಯಿರಿ. ತಂಬೂರಿಯ ಮುಂದೆ ಕುಳಿತು ಷಡ್ಜ ಹಿಡಿಯುವ ಅಭ್ಯಾಸಕ್ಕೆ ಇದು ಸಮ. ಒಂದು ವಾರ ಇಷ್ಟೇ ಮಾಡಿದರೂ ನಷ್ಟವಿಲ್ಲ.

ಕೈಯ ವಿಷಯಕ್ಕೆ ಬರೋಣ. ವೀಣೆಯ ತಂತಿ ಮೀಟಿದ ಮೇಲೆ ನಾದ ತಾನಾಗಿ ಕರಗುತ್ತದೆ. ಪಿಯಾನೊ ಕೂಡ ಹಾಗೆಯೇ. ಆರ್ಗನ್ ಹಾಗಲ್ಲ, ಬೆರಳು ಎತ್ತುವವರೆಗೂ ಸ್ವರ ಅಷ್ಟೇ ಬಲದಲ್ಲಿ ನಿಂತಿರುತ್ತದೆ. ಪೈಪ್ ಆರ್ಗನ್‌ನಲ್ಲಾಗಲಿ ರೀಡ್ ಆರ್ಗನ್‌ನಲ್ಲಾಗಲಿ ಕೀಯನ್ನು ಗಟ್ಟಿಯಾಗಿ ಗುದ್ದಿದರೆ ದನಿ ಜೋರಾಗುವುದಿಲ್ಲ. ಹಾಗಾದರೆ ತಾಳವನ್ನು ಜನರಿಗೆ ತಿಳಿಸುವುದು ಹೇಗೆ? ಮೌನದಿಂದ. ಒಂದು ಸ್ವರಕ್ಕೂ ಮುಂದಿನ ಸ್ವರಕ್ಕೂ ನಡುವೆ ಬಿಡುವ ಎಳ್ಳಷ್ಟು ಜಾಗವೇ ಆರ್ಗನ್‌ನ ಪೆಟ್ಟು. ಆದ್ದರಿಂದ ಬೆರಳನ್ನು ಒತ್ತುವುದರಷ್ಟೇ ಎತ್ತುವುದನ್ನೂ ಅಭ್ಯಾಸ ಮಾಡಬೇಕು.

ಇಲ್ಲಿ ಮೂರು ಸೂತ್ರಗಳನ್ನು ನೆನಪಿಡಿ. ಒಂದು, ಬೇರೆ ಬೇರೆ ಸ್ವರಗಳ ನಡುವೆ ಸಂದು ಕಾಣಬಾರದು, ಸ್ವರದಿಂದ ಸ್ವರಕ್ಕೆ ನಡೆದು ಹೋಗಬೇಕು. ಅಗತ್ಯವಿದ್ದರೆ ಒತ್ತಿ ಹಿಡಿದ ಕೀಯ ಮೇಲೆಯೇ ಬೆರಳು ಬದಲಿಸಿಕೊಳ್ಳಿ. ಎರಡು, ರಾಗದ ಸಾಲಿನಲ್ಲಿ ಒಂದೇ ಸ್ವರ ಎರಡು ಸಲ ಬಂದರೆ ಮೊದಲನೆಯದನ್ನು ಅರ್ಧಕ್ಕೆ ಬಿಟ್ಟು ಎರಡನೆಯದನ್ನು ಹೊಸದಾಗಿ ಒತ್ತಿ. ಇಲ್ಲದಿದ್ದರೆ ಎರಡು ಅಕ್ಷರಗಳು ಒಂದೇ ಆಗಿ ಕೇಳುತ್ತವೆ. ಮೂರು, ನಡುವಿನ ಸ್ವರಗಳಲ್ಲಿ ಇದೇ ಸಂದರ್ಭ ಬಂದರೆ ಎತ್ತದೆ ಹಿಡಿದೇ ಇರಿ. ಮೇಲಿನ ಸಾಲು ಬಿಡಿಬಿಡಿಯಾಗಿ, ಒಳಗಿನ ಸಾಲು ಹಿಡಿದ ಹಾಗೆ ಕೇಳಿದಾಗ ಜನರಿಗೆ ರಾಗವೂ ಸಿಗುತ್ತದೆ, ಆಸರೆಯೂ ಸಿಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು: ಉಸಿರು. ಆರ್ಗನ್‌ಗೆ ಉಸಿರು ಕಟ್ಟುವುದಿಲ್ಲ, ಜನರಿಗೆ ಕಟ್ಟುತ್ತದೆ. ಆದ್ದರಿಂದ ನುಡಿಸುವಾಗ ನೀವು ಬಾಯಿಯೊಳಗಾದರೂ ಹಾಡಲೇಬೇಕು. ಹಾಡಿನ ಪದಗಳನ್ನು ಮೊದಲು ಗಟ್ಟಿಯಾಗಿ ಓದಿ. ಅರ್ಥ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಹಾಕಿಕೊಳ್ಳಿ. ಆ ಗೆರೆ ಬಂದಾಗ ಎರಡೂ ಕೈ ಎತ್ತಿ, ನೀವೂ ಉಸಿರು ತೆಗೆದುಕೊಳ್ಳಿ. ಹಾಗೆ ಎತ್ತುವ ಸಮಯವನ್ನು ಹಿಂದಿನ ಸ್ವರದಿಂದ ಕಡಿತ ಮಾಡಿ, ಮುಂದಿನ ಸ್ವರವನ್ನು ತಡಮಾಡಬೇಡಿ. ಒಂದು ಚರಣದಲ್ಲಿ ಸಾಲಿನ ಕೊನೆಗೆ ನಿಲ್ಲುವ ಅರ್ಥ, ಇನ್ನೊಂದು ಚರಣದಲ್ಲಿ ಮುಂದಿನ ಸಾಲಿಗೆ ಹರಿಯಬಹುದು. ರಾಗ ಒಂದೇ ಆದರೂ ಪ್ರತಿ ಚರಣಕ್ಕೂ ಉಸಿರಿನ ಗುರುತು ಬೇರೆ.

ಹಾಡಿಗೆ ಮುಂಚಿನ ಪೀಠಿಕೆ ಒಂದು ಕರೆ ಇದ್ದಂತೆ. ಅದು ಜನರಿಗೆ ನಾಲ್ಕು ವಿಷಯ ಹೇಳಬೇಕು: ಯಾವ ರಾಗ, ಯಾವ ಶ್ರುತಿ, ಯಾವ ವೇಗ, ಯಾವಾಗ ಶುರು ಮಾಡಬೇಕು. ಮೊದಲ ಸಾಲನ್ನೋ ಕೊನೆಯ ಸಾಲನ್ನೋ ನುಡಿಸಿದರೆ ಸಾಕು. ಆದರೆ ಹಾಡುವ ವೇಗದಲ್ಲೇ ನುಡಿಸಬೇಕು. ಪೀಠಿಕೆಯನ್ನು ಓಡಿಸಿ ಹಾಡನ್ನು ಎಳೆಯುವುದು, ಪೀಠಿಕೆಯ ಕೊನೆಯಲ್ಲಿ ನಿಧಾನ ಮಾಡಿ ಜನರನ್ನು ತಬ್ಬಿಬ್ಬು ಮಾಡುವುದು, ಎರಡೂ ಬೇಡ. ಪೀಠಿಕೆ ಮುಗಿದ ಮೇಲೆ ಒಂದು ಉಸಿರಿನಷ್ಟು ಬಿಡುವು. ಚರಣ ಚರಣದ ನಡುವೆಯೂ ಅಷ್ಟೇ ಬಿಡುವು. ಅದು ಪ್ರತಿ ಸಲ ಒಂದೇ ಅಳತೆಯಲ್ಲಿದ್ದರೆ ಎರಡನೆಯ ಚರಣದ ಹೊತ್ತಿಗೆ ಜನ ನಿಮ್ಮನ್ನು ನಂಬುತ್ತಾರೆ. ನಂಬಿದವರು ಬಾಯಿಬಿಟ್ಟು ಹಾಡುತ್ತಾರೆ.

ಹಾಡು ಎಳೆಯುತ್ತಾ ಹೋಗುವುದು ಎಲ್ಲ ಊರಿನ ದೂರು. ಅದಕ್ಕೆ ಜನರ ಸೋಮಾರಿತನವೊಂದೇ ಕಾರಣವಲ್ಲ. ದೊಡ್ಡ ಮಂದಿರದಲ್ಲಿ ಕೊನೆಯ ಬೆಂಚು ನಿಮ್ಮಿಂದ 30 ಮೀಟರ್ ದೂರವಿದೆ ಎಂದುಕೊಳ್ಳಿ. ನಿಮ್ಮ ಸ್ವರ ಅಲ್ಲಿಗೆ ತಲುಪಲು ಸುಮಾರು 0.09 ಸೆಕೆಂಡು ಬೇಕು. ಅದನ್ನು ಕೇಳಿ ಅವರು ಹಾಡಿದ್ದು ನಿಮಗೆ ಮರಳಲು ಇನ್ನೊಂದು 0.09. ನಿಮಿಷಕ್ಕೆ 80 ಎಣಿಕೆಯ ಹಾಡಿನಲ್ಲಿ ಒಂದು ಎಣಿಕೆಗೆ ಇರುವುದೇ 0.75 ಸೆಕೆಂಡು. ಅಂದರೆ ಅವರ ದನಿ ಕಾಲು ಎಣಿಕೆಯಷ್ಟು ತಡವಾಗಿ ನಿಮ್ಮ ಕಿವಿಗೆ ಬೀಳುತ್ತದೆ. ಅವರಿಗಾಗಿ ನೀವು ಕಾದರೆ, ನಿಮ್ಮನ್ನು ಕೇಳಿ ಅವರು ಇನ್ನೂ ತಡಮಾಡುತ್ತಾರೆ. ಹೀಗೆ ಸಾಲು ಸಾಲಿಗೂ ಹಾಡು ಭಾರವಾಗುತ್ತದೆ. ಪರಿಹಾರವೇನು? ಸಾಲಿನೊಳಗೆ ಕಾಯಬೇಡಿ, ನಿಮ್ಮ ಎಣಿಕೆ ನಿಮ್ಮದೇ ಇರಲಿ. ಸಾಲಿನ ಕೊನೆಯಲ್ಲಿ ಮಾತ್ರ ಕಾಯಿರಿ. ಜನ ಎಳೆಯುತ್ತಿದ್ದರೆ ದನಿ ಜೋರು ಮಾಡಿ ಜಗಳಕ್ಕೆ ನಿಲ್ಲಬೇಡಿ. ಸ್ವರಗಳನ್ನು ಸ್ವಲ್ಪ ಚುಟುಕಾಗಿ, ಬಿಡಿಬಿಡಿಯಾಗಿ ನುಡಿಸಿ. ತಾಳ ತಾನಾಗಿ ಎದ್ದು ಕಾಣುತ್ತದೆ.

ಶ್ರುತಿಯ ವಿಷಯದಲ್ಲಿ ಉದಾರವಾಗಿರಿ. ನಾಲ್ಕು ದನಿಗಳ ಗಾಯಕವೃಂದಕ್ಕೆಂದು ಅಚ್ಚಾದ ಶ್ರುತಿ, ಗಂಡಸರೂ ಹೆಂಗಸರೂ ಮಕ್ಕಳೂ ಒಂದೇ ರಾಗ ಹಾಡುವ ಸಭೆಗೆ ಎತ್ತರವಾಗಬಹುದು. ಹಾಡಿನ ಅತಿ ಎತ್ತರದ ಸ್ವರ ನಡು ‘ಸಿ’ಯ ಮೇಲಿನ ಸ್ಥಾಯಿಯ ‘ಡಿ’ಯನ್ನು ದಾಟದಂತೆ ನೋಡಿಕೊಳ್ಳಿ. ಬೆಳಗಿನ ಆರಾಧನೆಯಲ್ಲಿ ಗಂಟಲು ಇನ್ನೂ ತೆರೆದಿರುವುದಿಲ್ಲ ಎಂಬುದೂ ನೆನಪಿರಲಿ. ಕೀಬೋರ್ಡಿನಲ್ಲಿ ಶ್ರುತಿ ಬದಲಿಸುವ ಗುಂಡಿ ಇದೆ, ಉಪಯೋಗಿಸಿ, ನಾಚಿಕೆಪಡಬೇಕಾಗಿಲ್ಲ. ಹಾಡು ಮುಗಿದ ಕೂಡಲೇ ಸೊನ್ನೆಗೆ ತಿರುಗಿಸಲು ಮಾತ್ರ ಮರೆಯಬೇಡಿ. ಮರೆತರೆ ಮುಂದಿನ ಹಾಡಿನಲ್ಲಿ ಇಡೀ ಸಭೆ ನಿಮ್ಮತ್ತ ತಿರುಗಿ ನೋಡುತ್ತದೆ.

ಎಷ್ಟು ಜೋರಾಗಿ ನುಡಿಸಬೇಕು? ಇದಕ್ಕೆ ಒಂದೇ ಅಳತೆ: ಜನರ ದನಿ ನಿಮಗೆ ಕೇಳಿಸುತ್ತಿರಬೇಕು. ಕೇಳಿಸದಿದ್ದರೆ ಒಂದು ಸ್ಟಾಪ್ ಒಳಕ್ಕೆ ತಳ್ಳಿ. ಇಪ್ಪತ್ತು ಮಂದಿ ಇದ್ದರೆ 8ರ ಒಂದು ಮೃದುವಾದ ಸ್ಟಾಪ್ ಸಾಕು. ನೂರು ಮಂದಿ ಇದ್ದರೆ 8ರ ಜೊತೆಗೆ 4 ಸೇರಿಸಿ. ಆಗ ರಾಗ ತಿಳಿಯಾಗಿ ಎದ್ದು ಕಾಣುತ್ತದೆ. ಎಡಗೈಯ ಕೆಳಗಿನ ಸ್ವರಗಳಿಗೆ 16 ಹಾಕಿ ಗುಡುಗಿಸಿದರೆ ಎಲ್ಲವೂ ಕಲಸಿಹೋಗುತ್ತದೆ. ದನಿಯನ್ನು ನಡುಗಿಸುವ ಸ್ಟಾಪನ್ನು ಸಭೆ ಹಾಡುವಾಗ ಬಿಡಿ. ಅದು ಒಂಟಿಯಾಗಿ ನುಡಿಸುವಾಗ ಚೆಂದ, ನೂರು ಜನರ ಶ್ರುತಿಗೆ ಅದು ಆಧಾರವಾಗದು. ಕೀಬೋರ್ಡಿನಲ್ಲಿ ತಾನಾಗಿ ಬಡಿಯುವ ಡ್ರಮ್ಮನ್ನೂ ನಿಧಾನದ ಪ್ರಾರ್ಥನಾಗೀತೆಗೆ ಹಾಕಬೇಡಿ. ಅದೂ ಯಾರಿಗಾಗಿಯೂ ಕಾಯುವುದಿಲ್ಲ.

ಈಗ ಕನ್ನಡದ್ದೇ ಆದ ಒಂದು ತೊಡಕು. ಪಾಶ್ಚಾತ್ಯ ಪ್ರಾರ್ಥನಾಗೀತೆಯ ಪುಸ್ತಕದಲ್ಲಿ ರಾಗದ ಹೆಸರಿನ ಬಳಿ 8.6.8.6 ಎಂಬಂತಹ ಅಂಕಿ ಇರುತ್ತದೆ. ಅದು ಸಾಲುಸಾಲಿನ ಅಕ್ಷರಗಳ ಎಣಿಕೆ. ನಮ್ಮ ಛಂದಸ್ಸು ಅಕ್ಷರ ಎಣಿಸುವುದಷ್ಟೇ ಅಲ್ಲ, ಲಘು ಗುರುಗಳನ್ನು ತೂಗುತ್ತದೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ಗಣವನ್ನು ನೀವು ತರಗತಿಯಲ್ಲಿ ಪ್ರಸ್ತಾರ ಹಾಕಿದ್ದೀರಿ. ಇಂಗ್ಲಿಷಿನ ಅನೇಕ ರಾಗಗಳು ದುರ್ಬಲವಾದ ಎಣಿಕೆಯಿಂದ ಶುರುವಾಗಿ ಎರಡನೆಯ ಅಕ್ಷರಕ್ಕೆ ಪೆಟ್ಟು ಕೊಡುತ್ತವೆ. ಕನ್ನಡದ ಪದದ ತೂಕವೋ ಸಾಮಾನ್ಯವಾಗಿ ಮೊದಲ ಅಕ್ಷರದಲ್ಲೇ ಇರುತ್ತದೆ. ಹೀಗಾಗಿ ‘ಕರುಣೆ’ ಎಂಬ ಪದ ‘ಕರೂಣೆ’ ಎಂದು ಕೇಳಿಬಿಡಬಹುದು; ‘ದೇವರೇ’ ಎಂಬುದರ ‘ದೇ’ ಮೊಟಕಾಗಬಹುದು. ಕನ್ನಡ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಇದನ್ನು ಬಲ್ಲವರು. ಅವರು 1862ರಲ್ಲಿ ‘ಕಥಾಮಾಲೆ’ ಎಂಬ ಕೃತಿಯಲ್ಲಿ ಕ್ರಿಸ್ತನ ಜೀವನವನ್ನು ಈ ನಾಡಿನ ಛಂದಸ್ಸಿನಲ್ಲಿ ಹೇಳಿದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದರು. ಭಾಷೆಯ ತೂಕ ತಿಳಿಯದೆ ಹಾಡು ಕಟ್ಟಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ನೀವು ರಾಗವನ್ನು ಬದಲಿಸಲಾರಿರಿ. ಆದರೆ ಬಲವಾದ ಎಣಿಕೆಯನ್ನು ಗುದ್ದದೆ, ಪದದ ಮೊದಲ ಅಕ್ಷರಕ್ಕೆ ಮುಂಚೆ ಕೂದಲೆಳೆಯಷ್ಟು ಜಾಗ ಬಿಟ್ಟು, ಗುರು ಅಕ್ಷರವನ್ನು ಪೂರ್ತಿ ಹಿಡಿದರೆ ಕನ್ನಡ ಕನ್ನಡವಾಗಿ ಕೇಳುತ್ತದೆ.

ತಮಿಳು ತೆಲುಗು ಕೀರ್ತನೆಗಳಿಗೆ ಬೇರೆಯೇ ರೀತಿ. ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್, ತೆಲುಗಿನ ಪುರುಷೋತ್ತಮ ಚೌಧರಿ ಇಂಥವರು 19ನೆಯ ಶತಮಾನದಲ್ಲಿ ಬೆಳೆಸಿದ ಸಂಪ್ರದಾಯ ಅದು. ಅಲ್ಲಿ ಪಲ್ಲವಿ ಇದೆ, ಚರಣ ಇದೆ, ರಾಗ ತಾಳಗಳ ಕಟ್ಟು ಇದೆ. ಅದಕ್ಕೆ ನಾಲ್ಕು ಸ್ವರಗಳ ಗೊಂಚಲನ್ನು ಹೇರಬೇಡಿ. ಎಡಗೈಯಲ್ಲಿ ಷಡ್ಜ ಪಂಚಮಗಳನ್ನು ಮೆಲ್ಲಗೆ ಹಿಡಿದು ಬಲಗೈಯಲ್ಲಿ ಬರಿಯ ರಾಗ ನುಡಿಸಿ. ತಾಳದ ಪೆಟ್ಟು ಬಿದ್ದ ಮೇಲೆ ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ಳುವ ಹಾಡಿದ್ದರೆ, ಆ ಅರ್ಧ ಎಣಿಕೆಯನ್ನು ತುಂಬದೆ ಖಾಲಿ ಬಿಡಿ. ಗಮಕ ಬಂದಾಗ ಹಾಡುವವರಿಗೆ ದಾರಿ ಬಿಟ್ಟು ಒಂದು ಸ್ವರದ ಮೇಲೆ ನಿಲ್ಲಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಈ ವಾದ್ಯಕ್ಕೆ ಬರುವುದಿಲ್ಲ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ದೂರವಿಟ್ಟಿದ್ದಕ್ಕೆ ಈ ಕೊರತೆಯೂ ಅದರ ಸಮ ಹಂಚಿಕೆಯ ಸ್ವರಗಳೂ ಮುಖ್ಯ ಕಾರಣಗಳಾಗಿದ್ದವು. ವಾದ್ಯದ ಮಿತಿ ತಿಳಿದವನು ಅದರಿಂದ ಒಳ್ಳೆಯ ಕೆಲಸ ತೆಗೆಯಬಲ್ಲ. ಎರಡು ಸಂಗೀತ ಒಂದೇ ಕೈಯಲ್ಲಿ ಕೂಡಲಾರವು ಎನ್ನುವವರಿಗೆ ಮೈಸೂರಿನ ಜಯಚಾಮರಾಜ ಒಡೆಯರನ್ನು ತೋರಿಸಿ. ಪಿಯಾನೊ ಕಲಿತು, ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಆಶ್ರಯ ನೀಡಿದ ಅವರೇ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು.

ವಾದ್ಯದ ಆರೈಕೆಯೂ ನಿಮ್ಮದೇ. ಕೆ.ಜಿ.ಎಫ್.ನಲ್ಲಿ ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ದಿಬ್ಬ ದಿಬ್ಬವಾಗಿ ನಿಂತಿದೆ. ಸೈನೈಡ್ ದಿಬ್ಬ ಎಂದು ಜನ ಕರೆಯುತ್ತಾರೆ. ಗಾಳಿಯ ತಿಂಗಳಲ್ಲಿ ಆ ನುಣುಪು ಧೂಳು ಕಿಟಕಿಯ ಸಂದಿಯಲ್ಲೂ ಬರುತ್ತದೆ. ರೀಡಿನ ಅಂಚಿಗೂ ಅದರ ಚೌಕಟ್ಟಿಗೂ ನಡುವೆ ಇರುವುದು ಕಾಗದದಷ್ಟು ಸಂದು. ಅಲ್ಲಿ ಒಂದು ಕಣ ಕುಳಿತರೂ ಆ ಸ್ವರ ಮೂಕವಾಗುತ್ತದೆ. ಆದ್ದರಿಂದ ನುಡಿಸಿದ ಕೂಡಲೇ ಮುಚ್ಚಳ ಮುಚ್ಚಿ, ಮೇಲೆ ದಪ್ಪ ಬಟ್ಟೆ ಹೊದಿಸಿ. ಹೂದಾನಿ, ನೀರಿನ ಲೋಟ ಮೇಲೆ ಇಡಬೇಡಿ. ರೀಡನ್ನು ನೀವಾಗಿ ಕೆರೆಯಬೇಡಿ. ಕೆರೆದರೆ ಶ್ರುತಿಯೇ ಬದಲಾಗುತ್ತದೆ, ತಿಳಿದವರನ್ನು ಕರೆಸಿ. ಇನ್ನು ಕರೆಂಟು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಕೋಲಾರದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಆದರೂ ಹಾಡಿನ ನಡುವೆ ಕರೆಂಟು ಹೋಗುವುದಿಲ್ಲ ಎಂದು ಯಾರೂ ಭರವಸೆ ಕೊಡಲಾರರು. ಮೂಲೆಯ ಹಳೆಯ ತುಳಿಯುವ ಆರ್ಗನ್ನನ್ನು ಹಳೆಯ ಸಾಮಾನಿನ ಅಂಗಡಿಗೆ ಹಾಕಬೇಡಿರೆಂದು ಹಿರಿಯರಿಗೆ ಹೇಳಿ. ಕರೆಂಟು ಹೋದ ದಿನ ಅದೇ ಆಪದ್ಬಾಂಧವ.

ಮನೆಯಲ್ಲಿ ವಾದ್ಯವಿಲ್ಲ, ಹೇಗೆ ಅಭ್ಯಾಸ ಮಾಡಲಿ ಎಂದು ಕೇಳುವಿರಿ. ನಾನು ಕಲಿತದ್ದೂ ಹಾಗೆಯೇ. ಹಾಡನ್ನು ಬಾಯಿಪಾಠ ಮಾಡಿ, ಕೈಯಲ್ಲಿ ತಾಳ ಹಾಕುತ್ತಾ ಹಾಡಿ. ಮೇಜಿನ ಮೇಲೆ ಬೆರಳುಗಳನ್ನು ನಡೆಸಿ. ಕಾಲೇಜಿಗೆ ಹೋಗುವ ರೈಲಿನಲ್ಲಿ ತೊಡೆಯ ಮೇಲೆಯೇ ಎಡಗೈಯ ಸಾಲನ್ನು ಅಭ್ಯಾಸ ಮಾಡಬಹುದು. ವಾದ್ಯದ ಮುಂದೆ ಕುಳಿತಾಗ ಮೊದಲು ಬಲಗೈ, ಆಮೇಲೆ ಎಡಗೈ, ಆಮೇಲೆ ಎರಡೂ, ಅದೂ ಅರ್ಧ ವೇಗದಲ್ಲಿ. ಯಾವ ಸ್ವರಕ್ಕೆ ಯಾವ ಬೆರಳು ಎಂದು ಬರೆದುಕೊಳ್ಳಿ, ದಿನಕ್ಕೊಂದು ಬೆರಳು ಬದಲಿಸಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಒಂದು ಹಾಡು. ವರ್ಷಕ್ಕೆ ಐವತ್ತು ಹಾಡಾಯಿತು. ಐವತ್ತು ಹಾಡು ಬಂದರೆ ಒಂದು ಸಭೆಯನ್ನು ನಡೆಸಬಹುದು. ಕ್ರಮವಾಗಿ ಕಲಿಯುವ ಆಸೆ ಇದ್ದವರಿಗೆ 1987ರಲ್ಲಿ ಆರಂಭವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಸಂಸ್ಥೆಗಳೂ ಇವೆ.

ತಪ್ಪುವುದಕ್ಕೆ ಹೆದರಬೇಡಿ. 1706ರಲ್ಲಿ ಜರ್ಮನಿಯ ಆರ್ನ್‌ಸ್ಟಾಟ್ ಎಂಬ ಊರಿನ ಚರ್ಚಿನ ಆಡಳಿತದವರು ತಮ್ಮ ಆರ್ಗನ್ ವಾದಕನನ್ನು ಕರೆಸಿ, ಹಾಡಿನಲ್ಲಿ ವಿಚಿತ್ರ ಸ್ವರಗಳನ್ನು ಬೆರೆಸಿ ಜನರನ್ನು ಗೊಂದಲಪಡಿಸುತ್ತೀಯೆ ಎಂದು ಆಕ್ಷೇಪಿಸಿದರು. ಆತನಿಗಾಗ ಇಪ್ಪತ್ತು ವರ್ಷ. ಹೆಸರು ಯೋಹಾನ್ ಸೆಬಾಸ್ಟಿಯನ್ ಬಾಖ್. ಜಗತ್ತು ಕಂಡ ಅತ್ಯಂತ ದೊಡ್ಡ ಆರ್ಗನ್ ವಾದಕರಲ್ಲಿ ಒಬ್ಬರಾದ ಅವರಿಗೂ ಈ ಮಾತು ತಪ್ಪಲಿಲ್ಲ. ತಪ್ಪು ಸ್ವರ ಬಿದ್ದರೆ ನಿಲ್ಲಬೇಡಿ, ಹಿಂದಕ್ಕೆ ಹೋಗಿ ತಿದ್ದಬೇಡಿ. ತಾಳ ತಪ್ಪದಿದ್ದರೆ ಜನ ಮುಂದಕ್ಕೆ ಹೋಗುತ್ತಾರೆ. ಕೈ ತಡವರಿಸಿದರೆ ಎಡಗೈ ಬಿಟ್ಟು ರಾಗವನ್ನು ಮಾತ್ರ ನುಡಿಸಿ. ಒಂಟಿ ರಾಗದಿಂದ ಹಾಡು ನಡೆಯುತ್ತದೆ, ನಿಂತುಹೋದ ಆರ್ಗನ್‌ನಿಂದ ನಡೆಯುವುದಿಲ್ಲ.

ಕೊನೆಗೆ ಆ ಶವಸಂಸ್ಕಾರದ ದಿನಕ್ಕೆ ಮರಳುತ್ತೇನೆ. ಕೆಲವು ವರ್ಷಗಳ ನಂತರ ನನಗೆ ಕಲಿಸಿದ ಆ ಹಿರಿಯರೂ ತೀರಿಕೊಂಡರು. ಅಂದೂ ಸ್ಟೂಲಿನ ಮೇಲೆ ನಾನೇ ಇದ್ದೆ. ಅಂದು ಒಂದೇ ಒಂದು ಮೃದುವಾದ ಸ್ಟಾಪ್ ಎಳೆದೆ. ಶ್ರುತಿಯನ್ನು ಎರಡು ಮನೆ ಇಳಿಸಿದೆ. ಮೊದಲ ಸಾಲಿನ ಕೊನೆಯಲ್ಲಿ ಅವರ ಹೆಂಡತಿಯ ದನಿ ನಡುಗಿ ನಿಂತಿತು. ನಾನು ಕೈ ಎತ್ತಿ ಕಾದೆ. ಇಡೀ ಸಭೆ ಕಾಯಿತು. ಅವರು ಉಸಿರು ತೆಗೆದುಕೊಂಡು ಮುಂದಿನ ಸಾಲು ಎತ್ತಿಕೊಂಡರು. ಕೊನೆಯ ಚರಣದಲ್ಲಿ ಆರ್ಗನ್ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಚೆನ್ನಾಗಿ ಜನ ಹಾಡುತ್ತಿದ್ದರು.

ಬರುವ ಭಾನುವಾರವೋ, ಹಬ್ಬದ ದಿನವೋ, ನಿಮ್ಮೂರಿನ ವಾದ್ಯದ ಮುಚ್ಚಳ ತೆರೆಯಲು ಅನುಮತಿ ಕೇಳಿ ನೋಡಿ. ಒಂದು ಹಾಡಿನಿಂದ ಶುರು ಮಾಡಿ. ನಿಮಗೆಲ್ಲ ಒಳ್ಳೆಯದಾಗಲಿ.